ರಾಜರ ಕೆಮ್ಮು

ನನಗೆ ಬರುವ ದನಿಗಳನ್ನೆಲ್ಲ ಹೇಳುತ್ತ ಕೂತರೆ ಜಂಬವಾದೀತು, ಆದರೂ ಹೇಳುತ್ತೇನೆ. ಶಿಕಾರಿಪುರದ ಅಮಲ್ದಾರರು ಮೂಗಿನಿಂದ ಗದರುವುದು ಬರುತ್ತದೆ. ಶಿರಾಳಕೊಪ್ಪದ ಬಸ್ಸು ಏರು ಹತ್ತಲಾರದೆ ನರಳುವುದು ಬರುತ್ತದೆ. ನಮ್ಮ ಟೈಲರ್ ಮೇಷ್ಟ್ರು ಗಿರಾಕಿ ಎದುರಿಗಿದ್ದಾಗ ಬೆಲ್ಲವಾಗಿ, ಗಿರಾಕಿ ಮೆಟ್ಟಿಲಿಳಿದ ಕೂಡಲೇ ಮೆಣಸಿನಕಾಯಿ ಆಗುವುದಂತೂ ನಿದ್ದೆಯಲ್ಲೂ ಬರುತ್ತದೆ. ನನ್ನನ್ನೂ ನಾನು ಬಿಟ್ಟಿಲ್ಲ. ರವಿಕೆ ಹೊಲಿಸಲು ಹೆಣ್ಣುಮಕ್ಕಳು ಅಂಗಡಿಗೆ ಬಂದಾಗ ಗಂಟಲು ಒಣಗಿ ನನ್ನಿಂದ ಹೊರಡುವ ಕೋಳಿಮರಿಯ ಕೂಗನ್ನು ನಾನೇ ಮಾಡಿ ತೋರಿಸಿ, ಎಲ್ಲರಿಗಿಂತ ಮೊದಲು ನಾನೇ ನಗುತ್ತೇನೆ. ಬಾರದೆ ಉಳಿದ ದನಿ ಒಂದೇ. ಅದನ್ನೇ ಒಬ್ಬ ಹೆಂಗಸು ನನ್ನ ಹತ್ತಿರ ಕೇಳಿದರು. ತೀರಿಹೋದ ಗಂಡನ ದನಿಯನ್ನು, ಅದು ಕೆಡುವುದಕ್ಕೆ ಮೊದಲು ಹೇಗಿತ್ತೋ ಹಾಗೆ, ಒಂದು ಸಲ ಕೇಳಬೇಕು ಎಂದರು.

ಆ ಗಂಡ ನಮ್ಮ ರಾಜರು. ಊರಿಗೆ ಬಂದ ನಾಟಕ ಕಂಪನಿಯಲ್ಲಿ ರಾಜನ ಪಾರ್ಟು ಮಾಡುತ್ತಿದ್ದವರು. ಕರಪತ್ರದಲ್ಲಿ ಅವರ ಹೆಸರು ದಪ್ಪಕ್ಷರದಲ್ಲೇ ಇರುತ್ತಿತ್ತು, ಆದರೆ ಆ ಹೆಸರು ಯಾರಿಗೂ ಬೇಕಿರಲಿಲ್ಲ. ಹೋಟೆಲಿನಲ್ಲಿ ಚಹಾ ಕುಡಿಯುವಾಗಲೂ ರಾಜರು, ಸಂತೆಯಲ್ಲಿ ಬದನೆಕಾಯಿ ಚೌಕಾಸಿ ಮಾಡುವಾಗಲೂ ರಾಜರು. ಪೇಟೆಯ ಹೊರಗಿನ ಬಯಲಿನಲ್ಲಿ ಕಂಪನಿಯವರು ತಗಡಿನ ಥೇಟರು ಎಬ್ಬಿಸಿದ್ದರು. ಸಾಹುಕಾರರಿಗೆ ಕುರ್ಚಿ, ಸಂಸಾರಸ್ಥರಿಗೆ ಚಾಪೆ, ನನ್ನಂಥ ಮರ್ಯಾದಸ್ಥರಿಗೆ ತಗಡಿನ ಸಂದು.

ನಾಟಕದ ಕೊನೆಗೆ ರಾಜನಿಗೆ ಬಾಣ ತಾಗುತ್ತದೆ. ಅವನು ರಾಣಿಯ ತೊಡೆಯ ಮೇಲೆ ತಲೆಯಿಟ್ಟು ಹಾಡುತ್ತಾನೆ. ಹಾಡು ಎರಡೇ ಸಾಲಿನದು. "ಹೋಗಿ ಬರುವೆನು ರಾಣಿ, ಬಾಗಿಲ ಮುಚ್ಚದಿರು" ಎಂಬುದು ಮೊದಲನೆಯದು. "ಹಾದಿ ಕಾಣದ ಇರುಳು, ದೀಪವ ತಗ್ಗಿಸದಿರು" ಎಂಬುದು ಎರಡನೆಯದು. ಅದನ್ನೇ ಎಳೆದು, ತಿರುವಿ, ಹಿಂಜಿ ಹಾಡಿ ರಾಜ ಸಾಯುತ್ತಾನೆ. ಆಗ ಪರದೆ ಬೀಳಬೇಕು. ನಮ್ಮೂರಲ್ಲಿ ಬೀಳುತ್ತಿರಲಿಲ್ಲ. "ವನ್ಸ್ ಮೋರ್!" ಎಂದು ಚಾಪೆಯ ಕಡೆಯಿಂದ ಒಬ್ಬ ಕೂಗುತ್ತಿದ್ದ, ಆಮೇಲೆ ತಗಡೇ ಹಾರಿಹೋಗುವ ಹಾಗೆ ಎಲ್ಲರೂ. ಸತ್ತ ರಾಜ ಕಣ್ಣು ಬಿಟ್ಟು, ಎದ್ದು ಕೂತು, ಜನಕ್ಕೆ ಕೈಮುಗಿದು, ಜಾರಿದ ಬಾಣವನ್ನು ಎದೆಯಲ್ಲಿ ಸರಿಯಾಗಿ ಸಿಕ್ಕಿಸಿಕೊಂಡು, ಮತ್ತೆ ತಲೆಯಿಟ್ಟು ಹಾಡಿ, ಮತ್ತೆ ಸಾಯುತ್ತಿದ್ದ. ರಾಣಿಯ ಪಾರ್ಟಿನವನಿಗೆ ತೊಡೆ ಜೋಮು ಹಿಡಿದು, ಅವನು ಅಳುತ್ತಿದ್ದುದು ದುಃಖಕ್ಕೋ ಜೋಮಿಗೋ ಹೇಳುವುದು ಕಷ್ಟವಾಗಿತ್ತು. ವನ್ಸ್ ಮೋರ್ ಬೀಳದ ನಟನಿಗೆ ಮಾರನೆಯ ದಿನ ಪೇಟೆಯಲ್ಲಿ ಯಾರೂ ಮುಖ ಕೊಡುತ್ತಿರಲಿಲ್ಲ. ಅದು ನಾವು ಕೊಡುವ ಮರ್ಯಾದೆ, ನಟ ಅದನ್ನು ಬೇಡವೆನ್ನುವ ಹಾಗಿಲ್ಲ.

ಈ ರಾಜರ ಹಾಡಿನಲ್ಲಿ ಒಂದು ವಿಶೇಷವಿತ್ತು. ಎರಡು ಮೂರು ಸಲ ಹಾಡಿ ಸತ್ತ ಮೇಲೆ, ಎರಡನೆಯ ಸಾಲಿನಲ್ಲಿ 'ದೀಪವ' ಎಂದು ಮೇಲಕ್ಕೆ ಹತ್ತುವಾಗ, ದನಿ ಒಡೆಯುತ್ತಿತ್ತು. ಒಳಗೆಲ್ಲೋ ಸಣ್ಣ ಗೊರಗೊರ ಸದ್ದು, ಉಸಿರು ಸಿಕ್ಕಿಕೊಂಡಂತೆ ಒಂದು ಮೌನ, ಆಮೇಲೆ ಹರಿದ ಬಟ್ಟೆಯ ಅಂಚಿನಂತೆ ಎಳೆ ಎಳೆಯಾಗಿ ದನಿ. ಸಾಯುವವನ ಉಸಿರನ್ನು ಹೀಗೆ ತೋರಿಸುವ ನಟ ಹುಟ್ಟಿಲ್ಲ ಎಂದು ಜನ ಕಣ್ಣೊರೆಸಿಕೊಳ್ಳುತ್ತಿದ್ದರು. ಮುಂದಿನ ಸಾಲಿನ ಕುರ್ಚಿಯಲ್ಲಿ ಅಕ್ಕಿ ಗಿರಣಿಯ ಸಾಹುಕಾರರು ಕೂತು, ಗಿರಣಿಯಲ್ಲಿ ಆಳುಗಳಿಗೆ ಹೇಳುವಂತೆಯೇ ಹಿಂದಿನವರಿಗೆ ಹೇಳುತ್ತಿದ್ದರು: "ಇನ್ನೂ ಬಂದಿಲ್ರೀ ಅದು! ಹೊಡೀರಿ ಇನ್ನೊಂದು!" ಒಡಕು ಬಂದ ಕೂಡಲೇ ತೊಡೆ ತಟ್ಟಿ, "ಬಂತ್ ನೋಡ್ರಿ! ಇದಕ್ಕ ಅನ್ನೋದು ಗಾಯನ!" ಎನ್ನುತ್ತಿದ್ದರು.

ಮೊದಲ ಸಲದ ಹಾಡಿನಲ್ಲಿ ಒಡಕು ಬರುತ್ತಿರಲಿಲ್ಲ. ಹಾಗಾಗಿ ಮೊದಲ ಸಲದ ಹಾಡನ್ನು ಯಾರೂ ಹಾಡೆಂದೇ ಎಣಿಸುತ್ತಿರಲಿಲ್ಲ. ಬೀಡಿ ಹಚ್ಚುವುದು, ಶೇಂಗಾ ಸುಲಿಯುವುದು, ಮಲಗಿದ ಮಗುವನ್ನು ಹೆಗಲಿಗೆ ಹಾಕಿಕೊಳ್ಳುವುದು ಎಲ್ಲ ಆಗಲೇ.

ಆ ಒಡಕನ್ನು ನಾನು ಕಲಿತೆ. ಟೈಲರ್ ಅಂಗಡಿಯಲ್ಲಿ ಅಂಗಿಯ ಗುಂಡಿಗೆ ಕಾಜಾ ಹೊಲಿಯುತ್ತ, ನಾಲಗೆಯನ್ನು ಹಿಂದಕ್ಕೆಳೆದು, ಅರ್ಧ ಕೆಮ್ಮನ್ನು ನುಂಗಿ, ಉಳಿದರ್ಧವನ್ನು ಮೂಗಿಗೆ ತಳ್ಳಿ ಅಭ್ಯಾಸ ಮಾಡಿದೆ. ಅದು ಸರಿಯಾಗಿ ಬಂದ ದಿನ ಮೇಷ್ಟ್ರು ಹೊಲಿಗೆ ಯಂತ್ರ ನಿಲ್ಲಿಸಿ, "ಹಾಳಾದವನೇ, ರಾಜರನ್ನ ಒಳಗ ಕೂರಿಸ್ಕೊಂಡೀಯೇನಲೇ?" ಎಂದರು. ಅವರಿಂದ ನನಗೆ ಸಿಕ್ಕ ಹೊಗಳಿಕೆ ಅದೊಂದೇ. ಅವತ್ತಿನಿಂದ ಅಂಗಡಿಗೆ ಹೊಲಿಸಲು ಬಟ್ಟೆಯಿಲ್ಲದ ಗಿರಾಕಿಗಳೂ ಬರತೊಡಗಿದರು.

ಒಂದು ಮಧ್ಯಾಹ್ನ ಗಿರಣಿ ಸಾಹುಕಾರರು ಅಂಗಿಯ ಕಾಲರಿನ ನೆವ ಹೇಳಿಕೊಂಡು ಬಂದು ಕೂತು, "ಆ ದೀಪ ಒಂದೀಟು ಹಚ್ಚಲೇ" ಎಂದರು. ನಾನು ಹಚ್ಚಿದೆ. ಒಡಕು ಮುಗಿಸಿ ಕಣ್ಣು ಬಿಟ್ಟರೆ ಬಾಗಿಲಲ್ಲಿ ಸ್ವತಃ ರಾಜರು ನಿಂತಿದ್ದಾರೆ, ಕಂಕುಳಲ್ಲಿ ಜರಿ ಬಿಚ್ಚಿದ ನಾಟಕದ ಕೋಟು. ಬಣ್ಣ ಬಳಿಯದ ಮುಖ ಚಿಕ್ಕದಾಗಿ, ಬೂದಿಯ ಹಾಗೆ ಕಂಡಿತು.

"ಏನಯ್ಯಾ," ಎಂದರು ನನಗೆ, "ನನ್ನ ಕೆಮ್ಮು ನಿನ್ನ ಹತ್ರ ಏನು ಮಾಡ್ತಿದೆ?"

ಎಲ್ಲರೂ ಗೊಳ್ಳೆಂದರು. ಸಾಹುಕಾರರು ಎದ್ದು ಕುರ್ಚಿ ಬಿಟ್ಟುಕೊಡುತ್ತ, "ಕೆಮ್ಮಾದ್ರೂ ಎಂಥಾ ಕೆಮ್ಮು ರಾಜರ! ನಮ್ಮನ್ಯಾಗ ನಮ್ಮಪ್ಪನೂ ಕೆಮ್ತಾನ, ಯಾರು ವನ್ಸ್ ಮೋರ್ ಅಂತಾರ?" ಎಂದರು.

ರಾಜರೂ ನಕ್ಕರು. ನಗು ಕೆಮ್ಮಾಗಿ ತಿರುಗಿತು. ನೆಲದ ಮೇಲೆ ಬಿದ್ದಿದ್ದ ಬಟ್ಟೆಯ ಚೂರೊಂದನ್ನೆತ್ತಿ ಬಾಯಿ ಒರೆಸಿಕೊಂಡು ಅದನ್ನು ಮಡಚಿ ಜೇಬಿಗೆ ಹಾಕಿಕೊಂಡರು. ಶುಂಠಿ ಕಷಾಯ ಕುಡಿಯಬೇಕೆಂದು ಮೇಷ್ಟ್ರು ಹೇಳಿದರು.

"ಕುಡೀತಾನೇ ಇದೀನಿ ಕಣ್ರೀ. ಜನ ಒಂದು ವಾರ ಸುಮ್ಮನಿದ್ದರೆ ಕಷಾಯಾನೂ ಬೇಡ."

ಅದನ್ನು ಅವರು ಹಗುರವಾಗಿಯೇ ಅಂದರು. ನಾವೂ ಹಗುರವಾಗಿಯೇ ತೆಗೆದುಕೊಂಡೆವು. ಅವರು ಮೆಟ್ಟಿಲಿಳಿದು ಹೋಗುವುದರೊಳಗೆ ನಾನು ಆ ಮಾತನ್ನೂ ಅವರದೇ ದನಿಯಲ್ಲಿ ಆಡಿ ತೋರಿಸಿದೆ. ಅಷ್ಟು ಚುರುಕು ನಾನು. ಅವರ ಮಾತು ನನ್ನ ಕಿವಿಯಿಂದ ಸೀದಾ ಬಾಯಿಗೆ ಬಂದಿತ್ತು, ನಡುವೆ ಎಲ್ಲೂ ನಿಂತಿರಲಿಲ್ಲ.

ನಮ್ಮೂರಿನ ಕ್ಯಾಂಪು ಮುಗಿದು ಕಂಪನಿ ಸೊರಬಕ್ಕೆ ಹೋಯಿತು. ಸೊರಬದವರು ನಮಗಿಂತ ಕಡಿಮೆಯವರೇನಲ್ಲ. ಶಿಕಾರಿಪುರದವರು ಹಾಡಿಸಿದ್ದಕ್ಕಿಂತ ಒಂದಾದರೂ ಹೆಚ್ಚು ಹಾಡಿಸಬೇಕೆಂದು ಪಣ ತೊಟ್ಟಿದ್ದಾರೆ ಎಂಬ ಸುದ್ದಿ ಬಸ್ಸಿನಲ್ಲಿ ಬರುತ್ತಿತ್ತು. ಇಲ್ಲಿ ಸಾಹುಕಾರರು ಅದನ್ನು ಕೇಳಿ, ಕೊಟ್ಟ ಹೆಣ್ಣನ್ನು ಬೀಗರು ಚೆನ್ನಾಗಿ ನೋಡಿಕೊಳ್ಳುತ್ತಿದ್ದಾರೆಂದು ತಿಳಿದವರ ಹಾಗೆ ಖುಷಿಯೂ ಹೊಟ್ಟೆಕಿಚ್ಚೂ ಪಡುತ್ತಿದ್ದರು.

ಕೊನೆಯ ಸುದ್ದಿಯೂ ಬಸ್ಸಿನಲ್ಲೇ ಬಂತು. ಕಂಡಕ್ಟರು ಇಳಿದವನೇ ಹೋಟೆಲಿನ ಮುಂದೆ ನಿಂತು, "ರಾಜ್ರು ಹೋಗ್ಬಿಟ್ರು ಕಣ್ರೀ" ಎಂದ. "ಆಟ ಮುಗ್ಸಿ ಬಣ್ಣ ತೊಳೀತಾ ರಕ್ತ ಕಾರ್ಕಂಡ್ರಂತೆ. ಡಾಕ್ಟ್ರು ಬರೋದ್ರೊಳಗೆ ಮುಗ್ದೋಯ್ತು."

"ಸತ್ತರೇನಾತು ಬಿಡ್ರಿ," ಎಂದೆ ನಾನು, "ಒಂದು ವನ್ಸ್ ಮೋರ್ ಹೊಡದ್ರ ಎದ್ದು ಕೂರ್ತಾರ."

ಯಾರೂ ನಗಲಿಲ್ಲ. ನಾನು ಏನಾದರೂ ಹೇಳಿ ಯಾರೂ ನಗದೇ ಇದ್ದದ್ದು ಶಿಕಾರಿಪುರದಲ್ಲಿ ಅದೇ ಮೊದಲು. ಕಂಡಕ್ಟರಿನ ಮುಖ ನೋಡಿದೆ. ಅದು ಅಣಕಿಸಲು ಬರುವಂಥ ಮುಖವಾಗಿರಲಿಲ್ಲ.

ಪೇಟೆ ಬಾಗಿಲು ಹಾಕಿತು. ಅಕ್ಕಿ ಗಿರಣಿಯ ಎಂಜಿನ್ನಿನ ಸದ್ದು ನಿಂತಾಗ ಊರಿನ ಎದೆಬಡಿತ ನಿಂತ ಹಾಗಾಯಿತು. ಸಾಹುಕಾರರು ಸೇವಂತಿಗೆ ಹಾರದ ಬುಟ್ಟಿ ಹಿಡಿದು, ಜೀವನದಲ್ಲಿ ಮೊದಲ ಸಲ ಎಲ್ಲರ ಜೊತೆ ಒತ್ತಿಕೊಂಡು ಬಸ್ಸು ಹತ್ತಿದರು. ಮೇಷ್ಟ್ರು, ನಾನು, ಇನ್ನೂ ಒಂದಷ್ಟು ಜನ ಅವರ ಹಿಂದೆ. ಸೊರಬದವರೆಗೂ ಬಸ್ಸು ಒಂದೇ ನರಳುತ್ತಿತ್ತು.

ಕಂಪನಿಯವರು ಬಾಡಿಗೆಗೆ ಹಿಡಿದಿದ್ದ ಮನೆಯ ಜಗಲಿಯಲ್ಲಿ ರಾಜರನ್ನು ಕೂರಿಸಿದ್ದರು. ನಮ್ಮ ಲಿಂಗವಂತರಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ಗೋಡೆಗೆ ಒರಗಿಸಿ, ಹಣೆಗೆ ವಿಭೂತಿ ಬಳಿದು, ಹೂವು ಹಾಕಿ, ಕೂತ ಹಾಗೆಯೇ ಮಣ್ಣಿಗೆ ಇಳಿಸುತ್ತಾರೆ. ನೂರು ಸಲ ನೋಡಿದ್ದೇನೆ. ಆದರೆ ಅವತ್ತು ನೋಡಲು ಆಗಲಿಲ್ಲ. ನಾಟಕದಲ್ಲಿ ಸತ್ತ ಮೇಲೆ ಎದ್ದು ಕೂರುತ್ತಿದ್ದರಲ್ಲ, ಅದೇ ಹಾಗೆ ಕೂತಿದ್ದರು. ಕೈಮುಗಿಯುವುದೊಂದು ಬಾಕಿ ಇತ್ತು. ಪಕ್ಕದಲ್ಲಿ ಅವರ ಹೆಂಡತಿ ಗೋಡೆ ಹಿಡಿದು ಕೂತಿದ್ದರು.

ನಮ್ಮ ಸಾಹುಕಾರರು ಹಾರ ಹಾಕಿ, ಬಿಕ್ಕಿ ಬಿಕ್ಕಿ ಅತ್ತು, ಮೂಗೊರೆಸಿಕೊಂಡು ಸೊರಬದ ಹೋಟೆಲಿನ ರಾಯರ ಪಕ್ಕ ನಿಂತರು. ಹೋಟೆಲಿನವರು ಅಲ್ಲಿಯ ಅಭಿಮಾನಿಗಳ ಮುಂದಾಳು.

"ನಿನ್ನೆ ಏನು ಹಾಡಿದ್ರು ಮಾರಾಯ್ರೆ," ಎಂದರು ಹೋಟೆಲಿನವರು, ಕಣ್ಣಲ್ಲಿ ನೀರು ತುಂಬಿಕೊಂಡು. "ನಾವು ಬಿಡ್ಲೇ ಇಲ್ಲ. ಎಷ್ಟು ಸಲ ಹಾಡ್ಸಿದ್ವಿ ಅಂತ ಲೆಕ್ಕ ಇಲ್ಲ."

"ಅದೇನ್ ಮಹಾ ಬಿಡ್ರಿ," ಎಂದರು ನಮ್ಮವರು. ದುಃಖದಲ್ಲೂ ಊರಿನ ಮಾನ ಬಿಟ್ಟುಕೊಡುವುದು ಹೇಗೆ? "ನಮ್ಮೂರಾಗ ಕೋಳಿ ಕೂಗೋತನಕ ಹಾಡ್ಸೀವಿ. ಕೊನೀಗೆ ದನೀನ ಹೊಂಡ್ಲಿಲ್ಲ, ಬರೀ ಬಾಯಿ ಆಡಿಸಿದ್ರು. ಅದಕ್ಕೂ ಜನ ಅತ್ರು!"

"ನಮ್ಮಲ್ಲಿ ನಿನ್ನೆ..."

"ಎಲ್ಲಾ ಸೇರಿ ಹಾಡ್ಸಿದ್ರಲ್ಲ," ಎಂದರು ಹೆಂಡತಿ.

ಅಷ್ಟೇ. ಬೈದ ದನಿಯಲ್ಲ. ಊಟ ಆಯ್ತಲ್ಲ ಎಂದು ಕೇಳಿದ ಹಾಗಿತ್ತು. ಹೋಟೆಲಿನವರು ಹೆಗಲ ಮೇಲಿನ ಟವಲು ತೆಗೆದು ಬಾಯಿಗೆ ಅಡ್ಡ ಹಿಡಿದುಕೊಂಡರು. ನಮ್ಮ ಸಾಹುಕಾರರು ಹಾಕಿದ ಹಾರವನ್ನು ಮತ್ತೆ ಸರಿಪಡಿಸಲು ಹೋದರು, ಅದು ಸರಿಯಾಗಿಯೇ ಇತ್ತು.

ಮಣ್ಣು ಮಾಡಿ ಬಂದ ಮೇಲೆ ಊರಿಗೆ ಹೊರಡುವ ಮೊದಲು ಹೇಳಿ ಹೋಗೋಣವೆಂದು ಒಳಗೆ ಹೋದೆವು. ಸಾಹುಕಾರರಿಗೆ ಆಕೆಯ ಆ ಮಾತು ಕೊರೆಯುತ್ತಿತ್ತೆಂದು ಕಾಣುತ್ತದೆ, ಏನಾದರೂ ಕೊಟ್ಟು ಹೋಗಬೇಕೆನ್ನಿಸಿತೋ ಏನೋ. ನನ್ನ ರಟ್ಟೆ ಹಿಡಿದು ಮುಂದಕ್ಕೆ ತಳ್ಳಿದರು.

"ತಾಯೀ, ರಾಜರ ದನಿ ಯಾವ ಗ್ರಾಮಫೋನ್ ಪ್ಲೇಟಿನಾಗೂ ಇಲ್ಲಂತ ನೀವು ಕೊರಗಬ್ಯಾಡ್ರಿ. ಈ ಹುಡುಗನ ಗಂಟಲಾಗೈತಿ. ಹಾಡಲೇ."

ನಾನು ಒಲ್ಲೆನೆನ್ನಬೇಕಿತ್ತು. ಆದರೆ ಹಾಡೆಂದರೆ ಹಾಡುವುದು, ಕುಣಿಯೆಂದರೆ ಕುಣಿಯುವುದು ನನ್ನ ಜಾಯಮಾನ. ಹಾಡಿದೆ. ಎರಡೂ ಸಾಲು, ಒಡಕು ಸಮೇತ. ಅಷ್ಟು ಚೆನ್ನಾಗಿ ಯಾವತ್ತೂ ಬಂದಿರಲಿಲ್ಲ. ಸಾಹುಕಾರರು ಮೇಷ್ಟ್ರ ಹೆಗಲ ಮೇಲೆ ತಲೆಯಿಟ್ಟು ಅತ್ತರು.

ಆಕೆ ಅಳಲಿಲ್ಲ. "ಇದು ಅವ್ರ ಕೆಮ್ಮು," ಎಂದರು. "ರಾತ್ರಿ ಎಲ್ಲಾ ನನ್ನ ಪಕ್ಕದಾಗೆ ಇದನ್ನೇ ಕೆಮ್ಮೋರು." ಆಮೇಲೆ ನನ್ನ ಮುಖ ನೋಡಿ ಕೇಳಿದರು: "ಇದಿಲ್ದೆ ಬತ್ತದೇನೋ ತಮ್ಮಾ?"

"ಇದಿಲ್ದೆ ಅಂದ್ರ ಹೆಂಗ್ರಿ ಅಕ್ಕಾರೆ?"

"ಮದ್ಲು ಹೆಂಗಿತ್ತೋ ಹಂಗೆ. ಮದ್ವೆಯಾದ ಹೊಸ್ತಾಗಿ ನಮ್ಮನೆ ಅಂಗಳದಾಗೆ ಹಾಡಿದ್ರೆ ಕೊಟ್ಟಿಗೇಲಿ ಎಮ್ಮೆ ಮೆಲುಕು ನಿಲ್ಸೋದು. ಆ ದನಿ ಈಗ ನನ್ನ ಕಿವೀಲೂ ಇಲ್ಲ. ನೆನೆಸ್ಕಂಡ್ರೆ ಕೆಮ್ಮೇ ಅಡ್ಡ ಬತ್ತದೆ. ಒಂದ್ಸಲ ಕೇಳಿದ್ರೆ ಹಿಡ್ಕಂತಿದ್ದೆ."

ಕಾರ್ಯ ಮುಗಿದ ಮೇಲೆ ಜಡೆ ಎಂಬ ಊರಿನಲ್ಲಿರುವ ಅಣ್ಣನ ಮನೆಗೆ ಹೋಗುವುದಾಗಿ ಹೇಳಿದರು. ಕಲಿತುಕೊಂಡು ಅಲ್ಲಿಗೇ ಬರುತ್ತೇನೆಂದೆ. ಒಂದು ಕೆಮ್ಮು ತೆಗೆದು ಹಾಡುವುದೇನು ದೊಡ್ಡ ವಿದ್ಯೆ ಎಂದುಕೊಂಡಿದ್ದೆ.

ಆ ದನಿ ಬರಲಿಲ್ಲ. ಅಂಗಡಿಯಲ್ಲಿ ಕಾಜಾ ಹೊಲಿಯುತ್ತ ಎಷ್ಟು ಹಾಡಿದರೂ 'ದೀಪವ' ಹತ್ತಿರ ಬಂದ ಕೂಡಲೇ ಗಂಟಲು ತಾನಾಗಿ ಮಡಚಿಕೊಳ್ಳುತ್ತಿತ್ತು. ಮೊದಲ ಸಾಲನ್ನು ಹಾಡಿದರೂ ಮುಂದೆ ಒಡೆಯಲಿರುವವನ ಹಾಗೆಯೇ ಹಾಡುತ್ತಿದ್ದೆ. ಕೆಮ್ಮು ತೆಗೆದರೆ ಅಲ್ಲಿ ರಾಜರಿರುತ್ತಿರಲಿಲ್ಲ, ಯಾರೋ ಭಜನೆಯವನು ಇರುತ್ತಿದ್ದ.

"ಮೊದ್ಲ ಸಲ ಹಾಡ್ತಿದ್ರಲ್ಲಲೇ, ಒಡಕಿಲ್ದಂಗ. ಅದನ್ನ ನೆನಪು ಮಾಡ್ಕೋ," ಎಂದರು ಮೇಷ್ಟ್ರು.

"ನನಗ ನೆನಪಿಲ್ರಿ. ನಿಮಗೈತೇನು?"

ಮೇಷ್ಟ್ರು ಬಹಳ ಹೊತ್ತು ಸೂಜಿಗೆ ದಾರ ಪೋಣಿಸಿದರು. "ನಾನು ಆಗ ಬೀಡಿ ಹಚ್ಚೋನು," ಎಂದರು.

ಸಾಹುಕಾರರನ್ನು ಕೇಳಲು ಗಿರಣಿಗೆ ಹೋದೆ. ಅವರು ನೆನಪಿಸಿಕೊಳ್ಳಲು ಕಣ್ಣು ಮುಚ್ಚಿದರು, ಹಾಡಲು ಬಾಯಿ ತೆರೆದರು. "ಮೊದಲಿನ ಸಲಕ್ಕ ನಾನು ಹಿಂದ ತಿರುಗಿ, ಕೂಗಾಕ ಯಾರ್ ಯಾರು ಬಂದಾರಂತ ನೋಡ್ತಿದ್ದೆ," ಎಂದರು. ಆಮೇಲೆ ನನಗಲ್ಲ, ಅಕ್ಕಿ ಮೂಟೆಗೆ ಹೇಳುವವರ ಹಾಗೆ, "ಮುಂದಿನ ಕುರ್ಚಿ ಹಿಡಕೊಂಡು ನಾ ಏನು ಕೇಳ್ದೆ?" ಎಂದರು. ಹೋಟೆಲಿನಲ್ಲಿ ಕೇಳಿದೆ, ಕ್ಷೌರದಂಗಡಿಯಲ್ಲಿ ಕೇಳಿದೆ, ಜಟಕಾ ಸ್ಟ್ಯಾಂಡಿನಲ್ಲಿ ಕೇಳಿದೆ. ಎಲ್ಲರೂ ಒಡಕನ್ನು ಹಾಡಿ ತೋರಿಸುವವರೇ. ನಾನು ಬೇಡವೆಂದರೂ ಹಾಡುತ್ತಿದ್ದರು. ಇಡೀ ಊರೇ ಅವರ ಅಭಿಮಾನಿ. ಅವರ ನೆಟ್ಟಗಿನ ದನಿ ಕೇಳಿದವನು ಮಾತ್ರ ಊರಲ್ಲಿ ಒಬ್ಬನೂ ಸಿಗಲಿಲ್ಲ.

ಆ ನಡುವೆ ಪೇಟೆಯಲ್ಲಿ ಸಂತಾಪ ಸಭೆ ನಡೆಯಿತು. ಹೈಸ್ಕೂಲಿನ ಹೆಡ್‌ಮಾಸ್ತರರು 'ಆ ಗದ್ಗದ ಕಂಠ' ಎಂದು ಶುರುಮಾಡಿ ಅಲ್ಲಿಯೇ ಗದ್ಗದರಾದರು. ಕೊನೆಗೆ ನನ್ನನ್ನು ಕರೆದರು. ಏಳಲಿಲ್ಲ. ಹಲ್ಲುನೋವೆಂದೆ. ಸಾಹುಕಾರರು ನನ್ನ ಕಡೆ ನೋಡಿ, "ಬಿಡ್ರಿ ಅವನ್ನ," ಎಂದು ಮೊದಲ ಸಲ ನನ್ನ ಪರ ಮಾತಾಡಿದರು.

ಕಲಿಯದೆಯೇ ಜಡೆಗೆ ಹೋದೆ. ಬರುತ್ತೇನೆಂದು ಮಾತು ಕೊಟ್ಟಾಗಿತ್ತು. ಆನವಟ್ಟಿಯಲ್ಲಿ ಬಸ್ಸು ಬದಲಿಸಿ ಇಳಿದಾಗ ಹೊತ್ತು ನೆತ್ತಿಗೆ ಬಂದಿತ್ತು. ಆಕೆ ಅಂಗಳದ ನೆರಳಿನಲ್ಲಿ ಕೂತು ಮೊರದಲ್ಲಿ ಅಕ್ಕಿ ಕೇರುತ್ತಿದ್ದರು. ನನ್ನನ್ನು ನೋಡಿ ಮೊರ ಕೆಳಗಿಡಲಿಲ್ಲ, ಗುರುತು ಹಿಡಿದು ತಲೆಯಾಡಿಸಿದರು.

"ಬರ್ಲಿಲ್ರಿ ಅಕ್ಕಾರೆ," ಎಂದೆ. "ನಮ್ಮೂರಾಗ ಯಾರಿಗೂ ನೆನಪಿಲ್ಲ."

"ನಂಗೇ ಇಲ್ಲ, ಅವ್ರಿಗೆಲ್ಲಿಂದ ಇರ್ತದೆ," ಎಂದರು. ಮೊರ ಮೇಲೆದ್ದಿತು, ಹೊಟ್ಟು ಹಾರಿತು. ಮೊರದ ಕಡೆಯೇ ನೋಡುತ್ತ ಹೇಳಿದರು: "ನೀನು ಉಸಿರು ಹಿಡ್ಕಂಡು ಹಾಡ್ತೀಯ. ಅವ್ರು ಹಂಗಲ್ಲ. ಎತ್ತಿಗೆ ನೀರು ತೋರ್ಸಾಕೆ ಹೋಗ್ತಾ ಮಾತಾಡ್ದಂಗೆ ಹಾಡೋರು. ಯಾರೂ ಕೇಳ್ತಿಲ್ಲ ಅನ್ನಂಗೆ."

ಯಾರೂ ಕೇಳದ ಹಾಗೆ ನಾನು ಬದುಕಿನಲ್ಲಿ ಕೆಮ್ಮಿದವನೂ ಅಲ್ಲ. ಆಕೆಗೆ ಬೆನ್ನು ಮಾಡಿ, ಕೊಟ್ಟಿಗೆಯ ಕಡೆ ತಿರುಗಿ ನಿಂತೆ. ಸಾಹುಕಾರರನ್ನು ಮರೆತೆ, ಮೇಷ್ಟ್ರನ್ನು ಮರೆತೆ, ತಗಡಿನ ಸಂದನ್ನೂ ಮರೆತೆ. ಮರೆತೆನೆಂದು ಈಗ ಹೇಳುತ್ತಿದ್ದೇನೆ, ಆಗ ಏನಾಯಿತೋ ಗೊತ್ತಿಲ್ಲ. "ಹೋಗಿ ಬರುವೆನು ರಾಣಿ, ಬಾಗಿಲ ಮುಚ್ಚದಿರು" ಎಂದೆ.

ಹಿಂದೆ ಮೊರದ ಸದ್ದು ನಿಂತಿತು. ತಿರುಗಿ ನೋಡಿದೆ. ಆಕೆ ಎದ್ದು ನಿಂತಿದ್ದರು. ಮೊರದ ಅಕ್ಕಿಯೆಲ್ಲ ನೆಲದ ಮೇಲೆ ಚೆಲ್ಲಿತ್ತು. ಹೊರಗಿನಿಂದ ಗಂಡ ಬಂದಾಗ ನಮ್ಮ ಹೆಂಗಸರು ಏಳುತ್ತಾರಲ್ಲ, ಹಾಗೆ ಎದ್ದು, ಸೆರಗನ್ನು ತಲೆಯ ಮೇಲೆ ಎಳೆದುಕೊಂಡಿದ್ದರು. ಕಣ್ಣು ನನ್ನ ಮೇಲಿರಲಿಲ್ಲ, ಅಂಗಳದ ಬಾಗಿಲಿನ ಮೇಲಿತ್ತು.

ಆಗ ನಾನು ಬಾಯಿ ಮುಚ್ಚಿದ್ದರೆ ಸಾಕಿತ್ತು. ಆಕೆ ಕೇಳಿದ್ದು ಸಿಕ್ಕಿಯಾಗಿತ್ತು. ಆದರೆ ಬಂತಲ್ಲ ಎಂಬ ಹುರುಪು ನನಗೆ. ಇಂಥ ನೋಡುಗರು ನನಗೆ ಯಾವ ಅಂಗಡಿಯಲ್ಲಿ ಸಿಕ್ಕಿದ್ದರು? ಯಾರೂ ಹಾಡೆನ್ನದಿದ್ದರೂ ಎರಡನೆಯ ಸಾಲನ್ನು ಎತ್ತಿದೆ. "ಹಾದಿ ಕಾಣದ ಇರುಳು" ಎಂದು ಸಲೀಸಾಗಿ ಬಂತು. 'ದೀಪವ' ಎಂದು ಮೇಲಕ್ಕೆ ಹತ್ತುವಾಗ, ನಾನು ಕರೆಯದೆಯೇ, ಗಂಟಲು ಮಡಚಿ ಆ ಗೊರಗೊರ ಬಂತು. ಉಸಿರು ಸಿಕ್ಕಿಕೊಂಡಿತು. ದನಿ ಒಡೆಯಿತು.

ಆಕೆ ಬಾಗಿಲಿನಿಂದ ಕಣ್ಣು ತೆಗೆದರು. ನಿಧಾನವಾಗಿ ಕೂತು, ಚೆಲ್ಲಿದ ಅಕ್ಕಿಯನ್ನು ಅಂಗೈಯಿಂದ ಬಳಿದು ಮೊರಕ್ಕೆ ಹಾಕತೊಡಗಿದರು. ಇನ್ನೊಮ್ಮೆ ಮೊದಲ ಸಾಲು ಹಾಡಲೇ ಎಂದು ಕೇಳಿದೆ. ಬೇಡವೆಂದು ಕೈಯಾಡಿಸಿದರು.

"ಇರ್ಲಿ ಬಿಡು ತಮ್ಮಾ. ದೂರದಿಂದ ಬಂದೀಯ, ಮಜ್ಜಿಗೆ ಕುಡ್ಕಂಡು ಹೋಗು."

ಮಜ್ಜಿಗೆ ಕುಡಿದು ಹೊರಟೆ. ಬಸ್ಸಿನ ಹಿಂದಿನ ಸೀಟಿನಲ್ಲಿ ಕೂತು, ಪಕ್ಕದವರಿಗೆ ಕೇಳದಂತೆ ಆ ಮೊದಲ ಸಾಲನ್ನು ಹಾಡಿ ನೋಡಿದೆ. ಬರಲಿಲ್ಲ. ಇವತ್ತಿನವರೆಗೂ ಬಂದಿಲ್ಲ. ಆ ಅಂಗಳದಲ್ಲಿ ಅದು ಒಂದು ಸಲ ಬಂದಾಗ ಅಲ್ಲಿದ್ದವರು ಇಬ್ಬರೇ. ಒಬ್ಬರು ಎದ್ದು ನಿಂತು ಕೇಳಿದರು. ಇನ್ನೊಬ್ಬ ನಾನು, ಮುಂದಿನ ಸಾಲಿನ ಆತುರದಲ್ಲಿದ್ದವನು.